ಕೆಂಪು ಮಣ್ಣಿನ ಮೇಲೆ ಹಳದಿ ಪಿನ್ನು

ನಾನು ಸಮಾಜ ವಿಜ್ಞಾನ ಕಲಿಸುವ ಸರ್ಕಾರಿ ಶಾಲೆ ಮಡಿಕೇರಿಯಿಂದ ಕೆಳಗಿಳಿಯುವ ರಸ್ತೆಯ ಬದಿಯಲ್ಲಿದೆ. ದಾನಿಯೊಬ್ಬರು ಏಳನೇ ತರಗತಿಯ ಗೋಡೆಗೆ ದೊಡ್ಡ ಟಿ.ವಿ. ಹಾಕಿಸಿಕೊಟ್ಟ ಮೇಲೆ ನಕ್ಷೆಯ ಪಾಠವನ್ನು ಅದರಲ್ಲೇ ಮಾಡುತ್ತಿದ್ದೇನೆ. ಮೊಬೈಲಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು ಉಪಗ್ರಹ ನಕ್ಷೆ ತೆರೆದರೆ ಮೊದಲು ಭೂಮಿ ಉಂಡೆಯಾಗಿ ಕಾಣುತ್ತದೆ. ಹತ್ತಿರ ಹೋಗುತ್ತಾ ಹೋದರೆ ಕೊನೆಗೆ ನಮ್ಮ ಶಾಲೆಯ ಹೆಂಚಿನ ಮಾಡು. ಅಲ್ಲಿಂದ ರಸ್ತೆ ಹಿಡಿದು ಒಬ್ಬೊಬ್ಬರಾಗಿ ತಮ್ಮ ಮನೆ ಹುಡುಕಿ, ಹಳದಿ ಪಿನ್ನು ಚುಚ್ಚಬೇಕು. ಇದು ಮಕ್ಕಳ ಕೆಲಸ.

ಕೊಡಗಿನಲ್ಲಿ ಈ ಕೆಲಸ ಸುಲಭವಲ್ಲ. ತೋಟದ ನೆರಳು ಮರಗಳ ಕೆಳಗೆ ಅರ್ಧ ಊರೇ ಅಡಗಿರುತ್ತದೆ. ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಿಂದ ಬರುವ ಹುಡುಗನೊಬ್ಬ ಎಷ್ಟು ಹುಡುಕಿದರೂ ಬರೀ ಸಿಲ್ವರ್ ಓಕ್ ಮರಗಳ ತುದಿಗಳೇ ಕಂಡವು.

"ನಿನ್ನ ಮನೆ ಮ್ಯಾಪಲ್ಲೇ ಇಲ್ವಲ್ಲೋ. ನೀನು ಕಾಡುಪ್ರಾಣಿ ಲೆಕ್ಕ," ಎಂದಳು ಹಿಂದಿನ ಬೆಂಚಿನವಳು.

"ಒಳ್ಳೇದಾಯ್ತು. ಆನೆಗೆ ಯಾರೂ ಹೋಂವರ್ಕ್ ಕೊಡಲ್ಲ," ಎಂದ ಅವನು.

ಎಲ್ಲರೂ ನಕ್ಕರು. ಆ ನಗು ಇನ್ನೂ ಇರುವಾಗಲೇ ಮುಂದಿನ ಹುಡುಗಿ ಎದ್ದು ಬಂದಳು. ಅವಳದು ಪುನರ್ವಸತಿ ಕಾಲೋನಿ. ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ ನೀರಿನ ಟ್ಯಾಂಕಿನ ಗುರುತು ಹಿಡಿದು ತನ್ನದನ್ನು ಬೇಗ ಹುಡುಕಿದಳು. ಪಿನ್ನು ಚುಚ್ಚಿದಳು. ಆದರೆ ಮೌಸ್ ಬಿಡಲಿಲ್ಲ.

"ಟೀಚರ್, ಹಳೇ ಮನೆಗೂ ಒಂದು ಹಾಕ್ಬಹುದಾ?"

ಆ ಮನೆಯ ವಿಷಯ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಬೆಟ್ಟ ಜಾರಿದ ಆ ಮಳೆಗಾಲದಲ್ಲಿ ಅವಳಿಗೆ ಅಂಗನವಾಡಿಗೆ ಹೋಗುವ ವಯಸ್ಸು. ಮನೆಯವರೆಲ್ಲ ರಸ್ತೆಗೆ ಓಡಿ ಬಂದರು. ಕೊಟ್ಟಿಗೆಯ ಕರು ಬಿಚ್ಚಲು ಹಿಂದೆ ತಿರುಗಿದ ಅಜ್ಜಿ ಬರಲಿಲ್ಲ. ಎಷ್ಟು ಮಣ್ಣು ತೆಗೆದರೂ ಅಜ್ಜಿಯ ದೇಹ ಸಿಗಲಿಲ್ಲ.

ಈ ನಕ್ಷೆಯಲ್ಲಿ ಹಿಂದಿನ ವರ್ಷಗಳ ಚಿತ್ರಗಳೂ ಇರುತ್ತವೆ. ಪರದೆಯ ಮೇಲ್ತುದಿಯ ವರ್ಷಗಳ ಪಟ್ಟಿಯನ್ನು ಎಡಕ್ಕೆ ಎಳೆದರೆ ಕಾಲ ಹಿಂದೆ ಹೋಗುತ್ತದೆ. ನಾನು ಅದನ್ನು ತೋರಿಸುವುದೋ ಬೇಡವೋ ಎಂದು ನಿಂತೆ. ಅವಳು ನನ್ನ ಮುಖ ನೋಡುತ್ತಿದ್ದಳು. ನಕ್ಷೆಯನ್ನು ಅವಳ ಹಳೆಯ ಊರಿನ ಬೆಟ್ಟಕ್ಕೆ ಸರಿಸಿ ಪಟ್ಟಿ ಎಳೆದೆ. ಮಣ್ಣು ಜಾರಿದ ಕೆಂಪು ಗೀರು ಮುಚ್ಚಿಕೊಂಡು ಹಸಿರಾಯಿತು. ಆ ಹಸಿರಿನ ನಡುವೆ, ರಸ್ತೆಯ ತಿರುವಿನ ಕೆಳಗೆ, ಒಂದು ಮಾಡು ಕಂಡಿತು.

"ಇದೇ. ನೋಡಿ, ಕೊಟ್ಟಿಗೆನೂ ಉಟ್ಟು," ಎಂದಳು. ಕೊಟ್ಟಿಗೆಯೂ ಇದೆ ಎಂದು. ಶಾಲೆಯಲ್ಲಿ ಅವಳ ಬಾಯಿಂದ ಮನೆಮಾತು ಅರೆಭಾಷೆ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಪಿನ್ನು ಚುಚ್ಚಿದಳು. ನಾನು ಪಟ್ಟಿಯನ್ನು ಮತ್ತೆ ಇವತ್ತಿಗೆ ತಂದೆ. ಮನೆ ಹೋಯಿತು, ಮರ ಹೋಯಿತು, ಪಿನ್ನು ಮಾತ್ರ ಕೆಂಪು ಮಣ್ಣಿನ ಮೇಲೆ ಹಾಗೇ ನಿಂತಿತು. ಅವಳು ಬಹಳ ಹೊತ್ತು ನೋಡಿ, ಬೆರಳಿನಿಂದ ಇನ್ನೊಂದು ಜಾಗ ತೋರಿಸಿದಳು. ಅದು ಎಷ್ಟೋ ಕೆಳಗೆ, ನೀರು ಹರಿಯುವ ತೋಡಿನ ಹತ್ತಿರ.

"ನಾವು ಬಡಿಸೋದು ಇಲ್ಲಿ ಟೀಚರ್."

ವರ್ಷಕ್ಕೊಮ್ಮೆ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸುವುದು ಅವರ ಪದ್ಧತಿ. ಉಳಿದ ಹಿರಿಯರಿಗೆ ಕಾಲೋನಿಯ ಮನೆಯಲ್ಲೇ ಬಡಿಸುತ್ತಾರೆ. ಅಜ್ಜಿ ದೇಹವೂ ಸಿಗದೆ ಮಣ್ಣಿನಲ್ಲೇ ಉಳಿದವಳು, ಕಾಲೋನಿಯ ದಾರಿ ತಿಳಿಯದು ಎಂದು ಅವಳ ಎಲೆಯನ್ನು ಮಾತ್ರ ಹಳೆಯ ಮನೆ ಇದ್ದಲ್ಲಿಗೆ ಒಯ್ಯುತ್ತಾರೆ. ಇದ್ದಲ್ಲಿ ಎಂದರೆ ಎಲ್ಲಿ? ಬೆಟ್ಟದ ಆಕಾರವೇ ಬದಲಾಗಿತ್ತು. ಸಿಕ್ಕಿದ ಗುರುತು ಒಂದೇ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು. ಅದು ಕೆಸರಿನಿಂದ ಮೇಲೆದ್ದು ಕಂಡಿತ್ತು. ಅಷ್ಟು ದೊಡ್ಡ ಕಲ್ಲು ಅಲುಗಿರಲಾರದು ಎಂದು ಅದರಿಂದ ಅಳೆದು, ಇಲ್ಲಿ ಅಡುಗೆಮನೆ ಎಂದು ತೀರ್ಮಾನಿಸಿ, ಅಲ್ಲೇ ಬಡಿಸುತ್ತಾ ಬಂದಿದ್ದರು. ಈಗ ಪಿನ್ನು ನೋಡಿದರೆ ಗೊತ್ತಾಯಿತು, ಕಲ್ಲೂ ಬೆಟ್ಟದ ಜೊತೆ ಜಾರಿತ್ತು.

"ಹಂಗಾದ್ರೆ ಇಷ್ಟು ವರ್ಷ ಬಡಿಸಿದ್ದು ಅಜ್ಜಿಗೆ ಸಿಕ್ಕಿಲ್ವಾ?"

ನನಗೆ ಗೊತ್ತಿಲ್ಲ ಎಂದೆ. ಅವಳು ಹೋಗಿ ಕೂತಳು. ಮುಂದಿನ ಹುಡುಗ ಎದ್ದು ಬರಲಿಲ್ಲ, ನಾನೂ ಕರೆಯಲಿಲ್ಲ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಅವಳ ಅಪ್ಪ ಬಂದರು. ಬಾಡಿಗೆಗೆ ಪಿಕಪ್ ಓಡಿಸುವವರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮಕ್ಕಳ ಬೆಂಚಿನ ತುದಿಯಲ್ಲಿ ಕೂತರು.

"ರಾತ್ರಿಯಿಂದ ಮಗಳು ಊಟಕ್ಕೆ ಕೂರ್ತಿಲ್ಲ ಟೀಚರ್. ಅದೇನೋ ತೋರಿಸಿದ್ರಂತೆ."

ಅವರಿಗೂ ಅದನ್ನೇ ತೋರಿಸಿದೆ. ಅವರು ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯಲು ಹೇಳಿದರು. ಆಮೇಲೆ ತಾವೇ ಎಳೆದರು. ಮನೆ ಬಂತು, ಹೋಯಿತು, ಬಂತು. ಚಿತ್ರ ಸ್ವಲ್ಪ ತಪ್ಪೂ ಇರಬಹುದು, ನಾಲ್ಕಾರು ಮಾರು ಆಚೀಚೆ ಆಗಬಹುದು ಎಂದು ನಾನು ಎಚ್ಚರಿಕೆ ಹೇಳಿದೆ.

"ನಾಲ್ಕು ಮಾರು ಅಂದ್ರೆ ಅಡುಗೆಮನೆಯಿಂದ ಜಗಲಿ," ಎಂದರು. "ಅಷ್ಟು ಅವ್ವ ನಡೀತಿದ್ರು."

ಏಳುವ ಮುಂಚೆ, ಬಡಿಸುವ ದಿನ ನಾನೂ ಬರಬೇಕೆಂದು ಕೇಳಿದರು. ಮೊಬೈಲಿನಲ್ಲಿ ಆ ಪಿನ್ನು ಹಿಡಿದು ನಡೆಯುವುದು ಅವರಿಗೆ ತಿಳಿಯದು.

ಆ ದಿನ ಬೆಳಿಗ್ಗೆ ಮಳೆ ಇರಲಿಲ್ಲ, ಮಂಜು ಇತ್ತು. ರಸ್ತೆಯ ತಿರುವಿನಲ್ಲಿ ಪಿಕಪ್ ನಿಲ್ಲಿಸಿ ಇಳಿದೆವು. ಅಪ್ಪನ ಕೈಯಲ್ಲಿ ಕತ್ತಿ, ತಾಯಿಯ ತಲೆಯ ಮೇಲೆ ಬುಟ್ಟಿ: ಕೋಳಿ ಸಾರು, ಅಕ್ಕಿ ರೊಟ್ಟಿ, ಅನ್ನ, ಎಲೆಅಡಿಕೆ. ಹುಡುಗಿ ಬಾಳೆ ಎಲೆಯನ್ನು ಸುತ್ತಿ ಎದೆಗೆ ಹಿಡಿದಿದ್ದಳು. ನಾನು ಮೊಬೈಲು ನೋಡುತ್ತಾ ಮುಂದೆ ನಡೆದೆ. ನಾವಿರುವ ಜಾಗ ತೋರಿಸುವ ನೀಲಿ ಚುಕ್ಕಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದು ಸಮಾಧಾನವಾಗುವವರೆಗೆ ಕಾದು, ಮತ್ತೆ ನಾಲ್ಕು ಹೆಜ್ಜೆ ಇಡುತ್ತಿದ್ದೆವು. ಹೊಸದಾಗಿ ಎದ್ದ ಹುಲ್ಲು, ಮುಳ್ಳು.

ಚುಕ್ಕಿ ಪಿನ್ನನ್ನು ಮುಟ್ಟಿದ ಜಾಗ ನಿಲ್ಲಲು ಆಗದಂಥ ಇಳಿಜಾರು. ನಕ್ಷೆ ಮೇಲಿನಿಂದ ನೋಡಿದ್ದು. ಅಡಿಯ ನೆಲ ಎಷ್ಟು ಕೊಚ್ಚಿ ಹೋಗಿದೆ ಎಂಬುದು ನನ್ನ ಪಿನ್ನಿನಲ್ಲಿ ಇರಲಿಲ್ಲ. ಅವರ ಅಂಗಳ ಇದ್ದದ್ದು ನಮ್ಮ ತಲೆಗಿಂತ ಎಷ್ಟೋ ಮೇಲೆ, ಈಗ ಮಂಜು ತುಂಬಿದ್ದ ಗಾಳಿಯಲ್ಲಿ.

"ಇಲ್ಲೇನಾ ಟೀಚರ್?" ಎಂದರು ಅಪ್ಪ.

"ಇಲ್ಲೇ. ಆದ್ರೆ ನೆಲ ಆಗ ಮೇಲಿತ್ತು."

ಅವರು ತಲೆ ಎತ್ತಿ ಆ ಕಡೆ ನೋಡಿದರು. ಆಮೇಲೆ ಕತ್ತಿಯಿಂದ ಮಣ್ಣು ಕೆರೆದು ಒಂದು ಸಣ್ಣ ಮಟ್ಟ ಮಾಡತೊಡಗಿದರು. ಕೆರೆದಷ್ಟೂ ಮೇಲಿನ ಮಣ್ಣು ಉದುರುತ್ತಿತ್ತು. ಎಲೆ ಹಾಕಿ ಬಡಿಸಿದರು. ಅದು ಜಾರಿತು. ತಾಯಿ ಎರಡು ಕಲ್ಲು ಒತ್ತು ಕೊಟ್ಟು ನೋಡಿದರು, ಮತ್ತೆ ಜಾರಿತು. "ಕೆಳಗೆ ತೋಡಿನ ಹತ್ತಿರನೇ ಹೋಗುವ," ಎಂದರು ತಾಯಿ ಮೆಲ್ಲಗೆ. ಹುಡುಗಿ ಮಂಡಿಯೂರಿ ಎಲೆಯ ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತೊಡಕು ಅಲ್ಲೇ ಇತ್ತು. ಬಡಿಸಿದ ಮೇಲೆ ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಹಿರಿಯರು ಉಣ್ಣುವುದನ್ನು ಯಾರೂ ನೋಡಬಾರದು. ಇಲ್ಲಿ ಬಾಗಿಲಿಲ್ಲದ ಕಾರಣ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಎಲೆ ಹಿಡಿದವಳು ತಿರುಗುವುದು ಹೇಗೆ?

"ಕಣ್ಣ್ ಮುಚ್ಚಿಕ. ಎಲೆ ಬುಡ್ಬೇಡ," ಎಂದರು ಅಪ್ಪ.

ನಾವು ಮೂವರೂ ಕಣಿವೆಯ ಕಡೆಗೆ ತಿರುಗಿದೆವು. ಹಾಗಾಗಿ ನಂತರ ಏನಾಯಿತೆಂದು ಕಂಡವಳಂತೆ ನಾನು ಹೇಳಲಾರೆ. ಹಿಂದೆ ಸಣ್ಣ ಕಲ್ಲುಗಳು ಉರುಳುವುದು ಕೇಳಿಸಿತು. ಒಮ್ಮೆ ಎಲೆ ಸರಿದ ಸದ್ದು. ನನಗೆ ತಿರುಗಬೇಕೆನಿಸಿತು, ತಿರುಗಲಿಲ್ಲ. ತಾಯಿಯ ತುಟಿ ಅಲುಗುತ್ತಿತ್ತು.

ಹಿರಿಯರಿಗೆ ಸೂಚನೆ ಕೊಡುವಂತೆ ಅಪ್ಪ ಕೆಮ್ಮಿದ ಮೇಲೆ ತಿರುಗಿದೆವು. ಅನ್ನ ಹಾಕಿದಲ್ಲೇ ಇತ್ತು. ಸಾರು ಎಲೆಯ ಮಡಿಕೆಯಲ್ಲಿ ಹರಿದು ಅವಳ ಮುಂಗೈಯಿಂದ ತೋಳಿನವರೆಗೆ ಇಳಿದಿತ್ತು. ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿತ್ತು.

"ಸಾಕು ಮಗ," ಎಂದರು ಅಪ್ಪ. "ಅಜ್ಜಿದ್ ಊಟ ಆತ್."

ಅವಳು ಕಣ್ಣು ತೆರೆದು ಎಲೆಯನ್ನು ನೋಡಿದಳು. ತಾಯಿ ಪಕ್ಕದಲ್ಲಿ ಕೂತು ಅಂಚಿಗೆ ಕೈ ಕೊಟ್ಟ ಮೇಲೆಯೇ ತನ್ನ ಕೈ ತೆಗೆದಳು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ಎಲೆಯ ರೊಟ್ಟಿಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.