ಎರಡು ಇರುಮುಡಿ, ಒಂದು ಹೆಸರು

ಮುನಿರಾಜು, ವಿಮಾನಗಳ ದಾರಿ ಕೆಡಿಸಿದವನು ನೀನಲ್ಲ. ಅದು ನನಗೆ ಮೂರು ವರ್ಷದಿಂದ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ನನ್ನ ತಾರಸಿಯ ನೀರಿನ ಟ್ಯಾಂಕಿಗೆ ಆಂಟೆನಾ ಕಟ್ಟಿಕೊಟ್ಟವನೇ ನೀನು. "ಏನ್ ಮೇಷ್ಟ್ರೇ, ರಿಟೈರ್ ಆದ್ಮೇಲೆ ಪ್ಲೇನ್ ಜೊತೆ ಮಾತಾಡೋಕೆ ಶುರು ಮಾಡಿದ್ರಾ?" ಎಂದು ನಕ್ಕಿದ್ದೆ. ಮಾತಾಡುವುದಲ್ಲ ಕಣಪ್ಪ, ಬರೀ ಕೇಳಿಸಿಕೊಳ್ಳುವುದು ಎಂದಿದ್ದೆ ನಾನು. ದೇವನಹಳ್ಳಿಗೆ ಇಳಿಯುವ ವಿಮಾನ ತಾನೆಲ್ಲಿದ್ದೇನೆ ಎಂದು ರೇಡಿಯೊದಲ್ಲಿ ಸಾರುತ್ತಲೇ ಇರುತ್ತದೆ. ಆ ಮಾತನ್ನು ಎಷ್ಟು ನಂಬಬಹುದು ಎಂಬುದನ್ನೂ ಜೊತೆಗೇ ಹೇಳುತ್ತದೆ. ಯಾರು ಬೇಕಾದರೂ ಕೇಳಬಹುದು. ಒಂದೇ ಜಾಗಕ್ಕೆ ಬಂದಾಗ ಒಂದರ ಹಿಂದೊಂದು ವಿಮಾನ ಆ ನಂಬಿಕೆ ಕಳೆದುಕೊಂಡರೆ, ಕೆಳಗೆ ಏನೋ ಒಂದು ದಾರಿ ತೋರುವ ಉಪಗ್ರಹದ ಸಂಕೇತವನ್ನು, ಅಂದರೆ ಜಿಪಿಎಸ್ ಅನ್ನು, ಕೆಡಿಸುತ್ತಿದೆ ಎಂದೇ ಅರ್ಥ.

ಬೆಳಿಗ್ಗೆ ಏಳರ ಹೊತ್ತಿಗೆ, ನಲ್ಲೂರು ರಸ್ತೆಯ ಮೇಲೆ, ದಿನವೂ ಹಾಗಾಗುತ್ತಿತ್ತು. ಗಾಡಿ ಎಲ್ಲಿದೆಯೆಂದು ಮಾಲೀಕರಿಗೆ ತಿಳಿಯದಿರಲಿ ಎಂದು ಕೆಲವು ಡ್ರೈವರ್‌ಗಳು ಸಿಕ್ಕಿಸಿಕೊಳ್ಳುವ, ಜಿಪಿಎಸ್ ಕೆಡಿಸುವ ಬೆರಳುದ್ದದ ಡಬ್ಬಿಯೊಂದಿದೆ — ಅದರದೇ ಕೆಲಸ ಎಂದುಕೊಂಡೆ. ಆ ಹೊತ್ತಿಗೆ ಆ ರಸ್ತೆಯಲ್ಲಿ ಕಂಪನಿಯ ಕ್ಯಾಬ್ ಓಡಿಸುತ್ತಿದ್ದವನು ನೀನು. ನೀನು ಶಬರಿಮಲೆಗೆ ಹೋದ ಐದು ದಿನ ಯಾವ ವಿಮಾನಕ್ಕೂ ತೊಂದರೆಯಾಗಲಿಲ್ಲ. ಬಂದ ಮರುದಿನವೇ ಮತ್ತೆ ಶುರು. ಇನ್ನೇನು ಬೇಕು? ದೊಡ್ಡ ಪತ್ತೇದಾರ ನಾನು! ನಿನ್ನ ಹೆಸರು ಬರೆದು ವಿಮಾನ ನಿಲ್ದಾಣದ ಕಚೇರಿಗೆ ದೂರು ಕೊಟ್ಟೆ.

ನಿನ್ನ ಗಾಡಿಯಲ್ಲಿ ಡಬ್ಬಿ ಸಿಗಲಿಲ್ಲ. ಎಸೆದಿರುತ್ತಾನೆ ಅಂದರು ಹುಡುಕಲು ಬಂದವರು. ಕೆಲಸ ಹೋಯಿತು. ಡೈರಿಯ ಮುಂದೆ ಊರೆಲ್ಲ ಹಾಲು ಹಾಕಲು ನಿಂತಿದ್ದಾಗ ನೀನು ಕೇಳಿದೆ — "ಮೇಷ್ಟ್ರೇ, ನೀವಾದ್ರೂ ಹೇಳಿ. ನಾನು ಅಂಥೋನಾ?"

"ಮಿಷನ್ನು ಸುಳ್ಳು ಹೇಳಲ್ಲ ಕಣಪ್ಪ" ಎಂದೆ ನಾನು. ಮಿಷನ್ನು ಹೊತ್ತು ಹೇಳಿತ್ತು, ಜಾಗ ಹೇಳಿತ್ತು. ಹೆಸರು ಹೇಳಿದವನು ನಾನು.

ಆಮೇಲೆ ಎರಡು ತಿಂಗಳು ಯಾವ ವಿಮಾನಕ್ಕೂ ತೊಂದರೆಯಿಲ್ಲ. ಊರವರು ನನಗೆ ಶಾಲು ಹೊದಿಸಿದರು. ಆಮೇಲೊಂದು ಭಾನುವಾರ ನನ್ನ ಹೆಂಡತಿಯ ತಮ್ಮ ಶ್ರೀನಿವಾಸ ಊಟಕ್ಕೆ ಬಂದ. ಯಾರದೋ ಹೂವಿನ ಟೆಂಪೊ ಓಡಿಸುತ್ತಾನೆ — ಬೆಳಿಗ್ಗೆ ಏಳಕ್ಕೆ, ಅದೇ ನಲ್ಲೂರು ರಸ್ತೆಯಲ್ಲಿ. ಇಂಜಿನ್ ಆರಿಸದೆ ಗೇಟಿನ ಮುಂದೆ ನಿಲ್ಲಿಸಿ ಒಳಗೆ ಬಂದ. ವಿಮಾನಗಳ ಮಾತು ಕೇಳಲು ನನ್ನ ಮೇಜಿನ ಮೇಲಿಟ್ಟಿದ್ದ ಪುಟ್ಟ ರೇಡಿಯೊದಲ್ಲಿ ತಟ್ಟನೆ ಬರೀ ಗದ್ದಲ. ಹೊರಗೆ ಹೋಗಿ ನೋಡಿದೆ. ಸ್ಟೀರಿಂಗ್ ಪಕ್ಕದಲ್ಲಿ ಡಬ್ಬಿಯ ಹಸಿರು ದೀಪ ಉರಿಯುತ್ತಿತ್ತು. ನಿನ್ನನ್ನು ಹಿಡಿದಾಗ ಹೆದರಿ ತೆಗೆದಿಟ್ಟಿದ್ದವನು ಈಗ ಮತ್ತೆ ಸಿಕ್ಕಿಸಿದ್ದನಂತೆ.

ಆಗ ನೆನಪಾಯಿತು — ಅಲ್ಲ, ಮರೆತೇ ಇರಲಿಲ್ಲ. ನೀವಿಬ್ಬರೂ ಒಟ್ಟಿಗೇ ಮಾಲೆ ಹಾಕಿ, ಒಂದೇ ಗಾಡಿಯಲ್ಲಿ ಶಬರಿಮಲೆಗೆ ಹೋದವರು. ಇರುಮುಡಿ ಕಟ್ಟುವಾಗ ನಿನ್ನದಕ್ಕೂ ಅವನದಕ್ಕೂ ಮೂರು ಮೂರು ಹಿಡಿ ಅಕ್ಕಿ ಹಾಕಿದ್ದು ಇದೇ ಕೈ. ಆ ಐದು ದಿನ ಊರಲ್ಲಿ ಇಲ್ಲದವರು ಇಬ್ಬರು. ಒಬ್ಬ ನಮ್ಮವನು, ಹಾಗಾಗಿ ಅವನ ಮೇಲೆ ಅನುಮಾನವೇ ಬರಲಿಲ್ಲ.

"ತವರು ಅಂತ ನಂಗೆ ಉಳಿದಿರೋದು ಅವನೊಬ್ನೇ ಕಣ್ರೀ" ಎಂದು ಅತ್ತಳು ಹೆಂಡತಿ. ತಪ್ಪನ್ನು ಅವಳ ಮೇಲೆ ಹಾಕಲಾರೆ. ಹೊದ್ದ ಶಾಲು ತೆಗೆಯಲು ನನಗೇ ಮನಸ್ಸಿರಲಿಲ್ಲ. ಡಬ್ಬಿಯನ್ನು ಕಲ್ಲಿನಿಂದ ಜಜ್ಜಿದೆ, ಶ್ರೀನಿವಾಸನಿಗೆ ಬಾಯಿಗೆ ಬಂದಂತೆ ಬೈದೆ — ಅಲ್ಲಿಗೆ ಮುಗಿಸಿದೆ.

ನಿನಗೆ ಮುಗಿಯಲಿಲ್ಲ. ಮತ್ತೆ ಯಾರೂ ನಿನ್ನ ಕೈಗೆ ಗಾಡಿ ಕೊಡಲಿಲ್ಲ. ಪ್ಲೇನ್ ಬೀಳಿಸೋಕೆ ಹೋದವನ ಅಪ್ಪ ಎನ್ನಿಸಿಕೊಂಡು ನಿನ್ನ ತಂದೆ ಡೈರಿಗೆ ಬರುವುದನ್ನೇ ಬಿಟ್ಟರು. ಹೋದ ವಾರ ತೀರಿಕೊಂಡರು — ನಿಮ್ಮ ಮಗ ತಪ್ಪು ಮಾಡಿಲ್ಲ ಎಂಬ ಮಾತನ್ನು ಊರಲ್ಲಿ ಒಬ್ಬರ ಬಾಯಿಂದಲೂ ಕೇಳದೆ...

ತಿಥಿಗೆ ಕರೆಯಲು ನೀನು ನಮ್ಮ ಮನೆಗೂ ಬಂದೆ. ಹೋಗುವಾಗ ತಾರಸಿಯ ಕಡೆ ನೋಡಿ, "ಮೇಷ್ಟ್ರೇ, ಆಂಟೆನಾ ವಾಲ್ಬಿಟ್ಟಿದೆ. ಹತ್ತಿ ಕಟ್ಬಿಟ್ಟು ಹೋಗ್ಲಾ?" ಎಂದೆ. ಥೂ, ನನ್ನ ಜನ್ಮಕ್ಕೆ! ಆಗಲೂ ಬೇಡ ಎಂದೆನೇ ಹೊರತು ಬೇರೆ ಮಾತು ಹೊರಡಲಿಲ್ಲ.

ದೂರು ಕೊಟ್ಟಿದ್ದ ಕಚೇರಿಗೆ ನಿಜ ಬರೆದು ಸಹಿ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ನಿಂತು ಈ ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ. ನೀನು ಬರಲೇಬೇಕು ಎಂದೇನಿಲ್ಲ. ನಿನ್ನ ಅಪ್ಪ ಕ್ಯಾನ್ ಹಿಡಿದು ನಿಲ್ಲುತ್ತಿದ್ದ ಜಾಗವಿದೆಯಲ್ಲ, ಬಾಗಿಲ ಎಡಕ್ಕೆ — ಅತ್ತ ಮುಖ ಮಾಡಿಯೇ ಓದುತ್ತೇನೆ.