ಒಂದೇ ಸಲ ಉರಿಯುವ ಬಲ್ಬು

ಕ್ಯಾಮೆರಾ ಕೊಂಡವನಿಗೆ ಬರೀ ಕ್ಯಾಮೆರಾದಿಂದ ಸಮಾಧಾನವಾಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಕೊಂಡ ಮೇಲೆಯೇ. ಸಂಸ್ಥಾನ ಮುಗಿದು ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ನಾನು ಅಲ್ಲಿನ ಕೋರ್ಟಿನಲ್ಲಿ ಕಾರಕೂನ. ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರಿಂದ ಮಡಚುವ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ರವಿವಾರ ಬಂತೆಂದರೆ ಅದನ್ನು ಹೆಗಲಿಗೆ ಹಾಕಿಕೊಂಡು ಮುಧೋಳಕ್ಕೋ ಬೀಳಗಿಗೋ ಬಸ್ಸು ಹತ್ತುವುದು. ಮುಧೋಳದ ನಾಯಿ ಓಡುವುದನ್ನು ತೆಗೆಯಲು ಹೋಗಿ ಬರೀ ಬಾಲ ತೆಗೆದುಕೊಂಡು ಬಂದದ್ದೂ ಉಂಟು.

ಕ್ಯಾಮೆರಾದ ಜೊತೆಗೆ ಮುಂದೆ ಏನು ಕೊಳ್ಳಬೇಕು ಎಂಬುದು ಆಗ ನನ್ನ ದೊಡ್ಡ ಚಿಂತೆ. ಕೋರ್ಟಿನಲ್ಲಿ ದಾವೆಯ ಕಾಗದ ನಕಲು ಮಾಡುವಾಗಲೂ ಅದೇ ಧ್ಯಾನ. ಮೊದಲು ಕೊಂಡದ್ದು ಹಳದಿ ಫಿಲ್ಟರು. ಅದನ್ನು ಲೆನ್ಸಿನ ಮುಂದೆ ಸಿಕ್ಕಿಸಿದರೆ ನಮ್ಮ ಕಡೆಯ ಬಿಳಿಚಿದ ಆಕಾಶದಲ್ಲೂ ಮೋಡ ಎದ್ದು ಕಾಣುತ್ತಿತ್ತು. ಕೃಷ್ಣೆಯ ಮೇಲಿನ ಮೋಡ, ಘಟಪ್ರಭೆಯ ಮೇಲಿನ ಮೋಡ, ಎಲ್ಲವನ್ನೂ ತೆಗೆದೆ. ಬನಹಟ್ಟಿಯಲ್ಲಿ ಅವ್ವನ ಜೊತೆಗಿದ್ದ ಅಣ್ಣ ಅವನ್ನು ನೋಡಿ, “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ,” ಎಂದು ಎದ್ದುಹೋದ. ಅವ್ವ ಮಾತ್ರ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು.

“ಮಾಡ ತಗದಿ, ಹೊಳಿ ತಗದಿ, ನಾಯಿ ಬಾಲ ತಗದಿ. ನನ್ನ ಯಾವಾಗ ತಗೀತಿಯೋ ಯಪ್ಪಾ?”

ನನಗೆ ನಾಚಿಕೆಯಾಯಿತು. ಅವ್ವನದು ಒಂದೂ ಫೋಟೋ ಇರಲಿಲ್ಲ. ಕೂಡಲೇ ಕುರ್ಚಿ ತಂದು ಅಂಗಳದ ಬಿಸಿಲಿನಲ್ಲಿಟ್ಟೆ. ಅವ್ವ ಅದರ ಹತ್ತಿರಕ್ಕೂ ಬರಲಿಲ್ಲ. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೈತೊಳೆದು, ವಿಭೂತಿ ಹಚ್ಚಿ, ಹಾರ ಹಾಕಿ ಗೋಡೆಗೆ ಒರಗಿಸಿದ ಮೇಲೆ, ಉಳ್ಳವರಾದರೆ ಜಮಖಂಡಿಯಿಂದ ಫೋಟೋದವನನ್ನು ಕರೆಸುತ್ತಾರೆ. ಬದುಕಿದ್ದಾಗ ತೆಗೆಸಿಕೊಂಡವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ.

“ಹಂಗ ಕುಂದ್ರಿಸಿ ತಗಿಯೂದು ಇದ್ದ ಐತಿ, ಗಡಿಬಿಡಿ ಮಾಡಬ್ಯಾಡ,” ಎಂದಳು ಅವ್ವ. “ನಾ ಮಗ್ಗದಾಗ ಇದ್ದಾಗ ತಗಿ. ಈ ಕೈ ಕಾಣಬೇಕು ನೋಡು.”

ಆ ಕೈಯ ಬಗ್ಗೆ ಅವಳಿಗೆ ಅಭಿಮಾನವಿತ್ತು, ಇರಬೇಕಾದದ್ದೇ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದ್ದು ಅದು. ಬಲಗೈ ಲಾಳಿಯ ಹಗ್ಗ ಜಗ್ಗುವುದು, ಎಡಗೈ ಹಲಗೆ ಬಡಿಯುವುದು, ಕೆಳಗೆ ಕುಣಿಯೊಳಗೆ ಇಳಿಬಿಟ್ಟ ಕಾಲು ತುಳಿಯುವುದು; ಮಗ್ಗದ ಆ ಸಪ್ಪಳ ಕೇಳುತ್ತಲೇ ನಾನು ಮ್ಯಾಟ್ರಿಕ್ಕಿನವರೆಗೆ ಓದಿದ್ದೆ. ಓಣಿಯಲ್ಲಿ ಬೇರೆ ಹೆಂಗಸರು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರೆ ಇವಳು ಗಂಡಸರ ಸಮನಾಗಿ ಸೀರೆ ನೇಯ್ದು ಇಳಿಸುತ್ತಿದ್ದಳು.

ಆದರೆ ಮಗ್ಗದ ಕೋಣೆ ಕತ್ತಲೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲು ನೂಲಿನ ಮೇಲೆ ಮಾತ್ರ ಬೀಳುತ್ತಿತ್ತು. ಅಲ್ಲಿ ಫೋಟೋ ತೆಗೆಯಲು ಇದ್ದದ್ದು ಎರಡೇ ದಾರಿ. ಒಂದು ಮೂರು ಕಾಲಿನ ಸ್ಟ್ಯಾಂಡು; ಕ್ಯಾಮೆರಾವನ್ನು ಅದರ ಮೇಲೆ ಅಲುಗದಂತೆ ಕೂಡಿಸಿ, ಬಹಳ ಹೊತ್ತು ಕಣ್ಣು ತೆರೆದಿಟ್ಟು ಇದ್ದಷ್ಟು ಬೆಳಕನ್ನೇ ಕುಡಿಸುವುದು. ಇನ್ನೊಂದು ಫ್ಲ್ಯಾಶು. ಎರಡನ್ನೂ ಒಟ್ಟಿಗೆ ಕೊಳ್ಳುವುದು ನನ್ನಿಂದಾಗದ ಮಾತು.

ಜಮಖಂಡಿಯ ಸ್ಟುಡಿಯೋದವನ ಹತ್ತಿರ ಫ್ಲ್ಯಾಶ್ ಇತ್ತು. ಕೇಳಿದ್ದಕ್ಕೆ ಒಂದು ಬಲ್ಬನ್ನು ಉರಿಸಿಯೇ ತೋರಿಸಿದ. ಫಕ್ಕನೆ ಬೆಳಕು, ಮುಗಿಯಿತು. ಸುಟ್ಟು ಗುಳ್ಳೆಯೆದ್ದ ಗಾಜನ್ನು ನನ್ನ ಅಂಗೈಯಲ್ಲಿಟ್ಟ. ಒಂದು ಫೋಟೋಕ್ಕೆ ಒಂದು ಬಲ್ಬು, ಆಮೇಲೆ ಅದು ಕಸ.

ಅದನ್ನು ಬನಹಟ್ಟಿಗೆ ಒಯ್ದು ತೋರಿಸಿದೆ. ಅವ್ವ ತಿರುಗಿಸಿ ತಿರುಗಿಸಿ ನೋಡಿದಳು.

“ಇನ್ನೊಮ್ಮಿ ಹತ್ತೂದಿಲ್ಲೇನು?”

“ಇಲ್ಲವ್ವ.”

“ಒಮ್ಮಿ ಸುಟ್ಟು ಒಗಿಯೂದಕ್ಕ ಅಂಗಡ್ಯಾಗ ತಗೊಳ್ಳೂದ? ಬ್ಯಾಡ ಬಿಡೋ, ಮಂದಿ ನಗತಾರ.”

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ನೇಕಾರರ ಮನೆಯಲ್ಲಿ ಹರಿದ ಎಳೆಯನ್ನು ಬಿಸಾಡುವುದಿಲ್ಲ, ಗಂಟು ಹಾಕುತ್ತಾರೆ. ಬೆರಳುದ್ದದ ತುಂಡು ನೂಲೂ ಬುಟ್ಟಿ ಸೇರುತ್ತದೆ. ಬತ್ತಿಯಾಗುತ್ತದೆ, ಲಾಡಿಯಾಗುತ್ತದೆ, ಮಕ್ಕಳ ಉಡಿದಾರವಾಗುತ್ತದೆ. ಅಂಥ ಮನೆಯಲ್ಲಿ ಹುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೂದಿಯಾಗುವ ಸಾಮಾನು ಕೊಳ್ಳುವುದೆಂದರೆ ಪಾಪವೇ ಅನ್ನಿಸಿತು. ಸ್ಟ್ಯಾಂಡು ಹಾಗಲ್ಲ, ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಅದನ್ನೇ ಕೊಂಡೆ. ಬಹಳ ಶಾಣ್ಯಾ ಕೆಲಸ ಮಾಡಿದೆನೆಂದು ಬೀಗಿದ್ದೂ ಹೌದು.

ಸ್ಟ್ಯಾಂಡನ್ನು ಮಗ್ಗದ ಎದುರಿಗೆ ಊರಿ, “ಅವ್ವಾ, ನಾ ಸಾಕು ಅನ್ನೂತನಕ ಅಲುಗಾಡಬ್ಯಾಡ,” ಎಂದೆ.

“ಮಗ್ಗದಾಗ ಕುಂತು ಕೈ ಕಟ್ಟಿಕೊಳ್ಳಲೇನು? ಮಗ್ಗ ಸುಮ್ನ ನಿಲ್ಲೂದು ಅಮಾಸಿ ದಿನ, ಇಲ್ಲಾ ಮನ್ಯಾಗ ಯಾರರ ಸತ್ತಾಗ. ಇವತ್ತ ಯಾವುದೂ ಅಲ್ಲ. ನೀ ತಗಿ, ನಾ ನೇಯತೇನಿ.”

ಕೂಗಾಡಿದೆ, ಗೋಗರೆದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವ್ವನ ಹಟ ಅದಕ್ಕೂ ಒಂದು ಗೇಣು ಮೇಲೆ. ಲಾಳಿ ಓಡುತ್ತಲೇ ಇತ್ತು, ನಾನು ತೆಗೆದೆ. ತೊಳೆದು ಬಂದ ಫೋಟೋದಲ್ಲಿ ಹಾಸಿನ ಎಳೆಗಳಿದ್ದವು, ಗೋಡೆಯ ಗೂಟವಿತ್ತು, ಗೂಟಕ್ಕೆ ನೇತುಬಿದ್ದ ಚೀಲವಿತ್ತು. ಅವ್ವ ಇರಬೇಕಾದಲ್ಲಿ ಒಲೆಯ ಹೊಗೆಯಂಥದೇನೋ ಇತ್ತು.

ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಮಗ್ಗ ಛಲೋ ಬಂದೈತಿ. ನೇಯಾಕಿ ಎಲ್ಲಿ ಹೋದಳು?”

ನಾನು ನಗಲಿಲ್ಲ. ಅಲುಗಾಡಿದ್ದು ನಿನ್ನ ತಪ್ಪು ಎಂದು ಮುಖ ಗಂಟಿಕ್ಕಿಕೊಂಡು ಜಮಖಂಡಿಗೆ ಹೋದೆ. ಆ ದಿನ ಅವಳ ಜೊತೆ ಕೂತು ನಕ್ಕಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಫ್ಲ್ಯಾಶೇ ಬೇಕೆಂಬುದು ಅವತ್ತೇ ಖಚಿತವಾಗಿತ್ತು. ಆದರೂ ಒಂದು ಬೇಸಿಗೆ, ಒಂದು ಮಳೆಗಾಲ ನೂಕಿದೆ. ಬೆಳಕಿಂಡಿಯ ಕೆಳಗೆ ಬಿಳಿ ಧೋತರ ಕಟ್ಟಿ ಬಿಸಿಲನ್ನು ಅವಳ ಕಡೆ ತಿರುಗಿಸಲು ನೋಡಿದೆ, ಆಗಲಿಲ್ಲ. ಪ್ರತಿ ಸಲ ಅಂಗಡಿಯ ತನಕ ಹೋದಾಗಲೂ ಅಂಗೈಯ ಮೇಲಿನ ಆ ಸುಟ್ಟ ಗಾಜು ನೆನಪಾಗಿ ಹಿಂದೆ ಬರುತ್ತಿದ್ದೆ. ಕೊನೆಗೆ, ನಾನೇ ಹೋದರೆ ಮತ್ತೆ ಬರಿಗೈಯಲ್ಲಿ ಬರುತ್ತೇನೆಂದು, ಕೊಲ್ಲಾಪುರಕ್ಕೆ ಹೊರಟ ಪರಿಚಯದವರೊಬ್ಬರಿಗೆ ತರಲು ಹೇಳಿದೆ. ಅವರು ಫ್ಲ್ಯಾಶ್ ತಂದುಕೊಟ್ಟ ವಾರದಲ್ಲೇ ನಮ್ಮ ಓಣಿಯವನೊಬ್ಬ ಕೋರ್ಟಿನ ಬಾಗಿಲಲ್ಲಿ ಬಂದು ನಿಂತ. ನೇಯುತ್ತ ಕೂತಿದ್ದ ಅವ್ವ ಮಗ್ಗದ ಮೇಲೇ ವಾಲಿದ್ದಳಂತೆ. ಲಕ್ವಾ ಹೊಡೆದಿತ್ತು. ಜೀವಕ್ಕೇನೂ ಆಗಲಿಲ್ಲ, ಬಲಗೈ ಹೋಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಫ್ಲ್ಯಾಶನ್ನು ಚೀಲದಿಂದ ಹೊರಗೆ ತೆಗೆಯಲಿಕ್ಕೂ ನನಗೆ ಮನಸ್ಸಿರಲಿಲ್ಲ. ಅವ್ವನೇ ಬಿಡಲಿಲ್ಲ. ಸ್ವಲ್ಪ ಚೇತರಿಸಿಕೊಂಡು ಎದ್ದು ಕೂಡುವಂತಾದ ಮೇಲೆ, ತೊದಲು ಮಾತಿನಲ್ಲಿ ಅಣ್ಣನಿಗೆ ಹೇಳಿ ತನ್ನನ್ನು ಎತ್ತಿಸಿಕೊಂಡು ಹೋಗಿ ಮಗ್ಗದಲ್ಲಿ ಕೂತಳು. ಅರ್ಧ ನೇಯ್ದ ಸೀರೆ ಹಾಗೆಯೇ ಇತ್ತು, ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ಮುಟ್ಟಿರಲಿಲ್ಲ. ಅಣ್ಣ ಅವಳ ಕಾಲುಗಳನ್ನು ಒಂದೊಂದಾಗಿ ಕುಣಿಯೊಳಗೆ ಇಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಮುಖ ಆ ಕಡೆ ತಿರುಗಿಸಿಕೊಂಡು ಹೊರಗೆ ಹೋದ.

ನಾನು ಬಲ್ಬು ಸಿಕ್ಕಿಸಿದೆ. ಅವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ಲಾಳಿಯ ಹಗ್ಗದ ಹಿಡಿಕೆಯ ಮೇಲೆ ಇಟ್ಟಳು. ಅದು ಜಾರಿ ಮಡಿಲಿಗೆ ಬಿತ್ತು. ಮತ್ತೆ ಎತ್ತಿ ಇಟ್ಟಳು, ಬೆರಳುಗಳನ್ನು ಒಂದೊಂದಾಗಿ ಹಿಡಿಕೆಯ ಸುತ್ತ ಮಡಚಿದಳು. ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು.

“ಈಗ ತಗಿ ಯಪ್ಪಾ. ಇನ್ನ ಅಲುಗಾಡೂದಿಲ್ಲ.”

ಫ್ಲ್ಯಾಶಿಗೆ ಯಾರೂ ಸುಮ್ಮನೆ ಕೂಡಬೇಕಾಗಿಲ್ಲ, ಎಷ್ಟು ಜೋರಾಗಿ ಓಡುವ ಕೈಯನ್ನಾದರೂ ಅದು ಹಿಡಿಯುತ್ತದೆ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಗುಂಡಿ ಒತ್ತಿದೆ. ಕೋಣೆಯೆಲ್ಲ ಒಮ್ಮೆ ಬೆಳ್ಳಗಾಗಿ ಮತ್ತೆ ಕತ್ತಲಾಯಿತು. ಆ ಕತ್ತಲಲ್ಲಿ ಅವ್ವ ಕೇಳಿದಳು, “ಕೈ ಬಂತೇನೋ?”

“ಬಂತವ್ವ,” ಎಂದೆ.