ಬದುಕಿದ್ದವರಿಗೆ ಶ್ರದ್ಧಾಂಜಲಿ ಹೇಳಿದ ಬೆಳಗು

ಜನಪ್ರಿಯ ಸಂಗೀತದ ಚರಿತ್ರೆಯನ್ನು ಗ್ರಂಥಗಳಲ್ಲಿ ಬರೆದಿಟ್ಟ ವಿದ್ವಾಂಸರು ಹಲವರಿದ್ದಾರೆ. ಆದರೆ ಆ ಚರಿತ್ರೆಯನ್ನು ದಿನಬೆಳಗಾದರೆ ಅಡುಗೆಮನೆಯ ಒಲೆಯ ಪಕ್ಕಕ್ಕೂ ಕ್ಷೌರದಂಗಡಿಯ ಕನ್ನಡಿಯ ಮುಂದಕ್ಕೂ ತಂದು ನಿಲ್ಲಿಸಿದ ಕೀರ್ತಿ, ಇದೀಗ ಬಾನುಲಿ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮೆಲ್ಲರ ತಾರೀಖಕ್ಕನವರಿಗೆ ಸಲ್ಲಬೇಕು. ಈ ಹೆಸರನ್ನು ಅವರಿಗಿಟ್ಟವರು ಕೇಳುಗರು. ‘ಇದೇ ದಿನ’ ಎಂಬ ಅವರ ಕಾರ್ಯಕ್ರಮವು ಆಯಾ ತಾರೀಖಿನಂದು ಹಾಡಿನ ಲೋಕದಲ್ಲಿ ಹಿಂದೆ ನಡೆದುದನ್ನು ನೆನೆಯುತ್ತಿತ್ತು: ಒಬ್ಬ ಗಾಯಕ ಹುಟ್ಟಿದ್ದು, ಹೆಸರಾಂತ ತಂಡವೊಂದು ಜಗಳವಾಡಿ ಒಡೆದದ್ದು, ಯಾರೂ ಕೊಳ್ಳದ ಧ್ವನಿಮುದ್ರಿಕೆಯೊಂದರ ಹಾಡು ಇದ್ದಕ್ಕಿದ್ದಂತೆ ಎಲ್ಲರ ಬಾಯಿಗೆ ಬಿದ್ದದ್ದು, ಮೈಕು ಕೈಕೊಟ್ಟಾಗ ನೆರೆದ ಜನರೇ ಹಾಡನ್ನು ಮುಗಿಸಿಕೊಟ್ಟದ್ದು. ಸ್ಟುಡಿಯೋದ ಗಾಜಿನ ಈಚೆ ಧ್ವನಿ ತಂತ್ರಜ್ಞನಾಗಿ ಕುಳಿತು ಇವನ್ನೆಲ್ಲ ಮೊದಲು ಕೇಳುವ ಭಾಗ್ಯ ನನ್ನದಾಗಿತ್ತು.

ಅವರು ನಮ್ಮ ಕೇಂದ್ರವನ್ನು ಸೇರಿದ್ದು ಹವಾಮಾನ ವರದಿಯನ್ನೂ ಕಾಣೆಯಾದವರ ಪ್ರಕಟಣೆಯನ್ನೂ ಓದುವುದಕ್ಕಾಗಿ. ಒಂದು ಬೆಳಿಗ್ಗೆ ವಾರ್ತೆ ಬರಬೇಕಾದ ತಂತಿ ಸತ್ತುಹೋಗಿ ಮೌನ ತುಂಬಬೇಕಾಗಿ ಬಂದಾಗ, ಅಕ್ಕನವರು ಹಿಂದುಮುಂದು ನೋಡದೆ ಆ ದಿನದ ತಾರೀಖು ಹಿಡಿದು, ಆವತ್ತೇ ಬಿಡುಗಡೆಯಾಗಿದ್ದ ಹಳೆಯ ಹಾಡೊಂದರ ಕಥೆ ಹೇಳಿಬಿಟ್ಟರು. ಮರುದಿನ ಫೋನಿನ ಮೇಲೆ ಫೋನು: “ಇವತ್ತಿಂದು ಏನಮ್ಮಾ?” ಕಾರ್ಯಕ್ರಮ ಹುಟ್ಟಿದ್ದು ಹೀಗೆ, ಸಮಿತಿಯ ಅಪ್ಪಣೆ ಬಂದದ್ದು ಆಮೇಲೆ.

ಅವರ ಉಪಕಾರಗಳು ಸದ್ದಿಲ್ಲದವು. ನಮ್ಮ ಸ್ಟುಡಿಯೋ ಗುಡಿಸುತ್ತಿದ್ದ ಹೆಂಗಸಿಗೆ ನಾಳೆ ಯಾರ ಹಾಡು ಬರುತ್ತದೆಂದು ಹಿಂದಿನ ದಿನವೇ ಹೇಳಿಡುತ್ತಿದ್ದರು; ಇಷ್ಟದ ಗಾಯಕನ ದಿನ ಆಕೆ ಬೇಗ ಕೆಲಸ ಮುಗಿಸಿ ಕುರ್ಚಿಯಲ್ಲಿ ಕೂತು ಕೇಳಲೆಂದು. ನನ್ನ ತಾಯಿಗೆ ಶಸ್ತ್ರಚಿಕಿತ್ಸೆಯಾದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, ಆ ತಾರೀಖಿನಂದು ಹಾಡುಗಾರರ ಲೋಕದಲ್ಲಿ ನಡೆದ ಎಡವಟ್ಟುಗಳನ್ನೆಲ್ಲ ಒಂದಾದ ಮೇಲೊಂದು ಹೇಳುತ್ತಲೇ ಹೋದರು. ವೈದ್ಯರು ಬಾಗಿಲು ತೆರೆದು “ಅಮ್ಮ ಚೆನ್ನಾಗಿದ್ದಾರೆ” ಎಂದಾಗ ನಾನು ನಗುತ್ತಿದ್ದೆ. ಅಮ್ಮನ ಆಪರೇಷನ್ ಹೊತ್ತಿನಲ್ಲಿ ನಕ್ಕ ಮಗ ಎಂದು ಮನೆಯಲ್ಲಿ ಇಂದಿಗೂ ಆಡಿಕೊಳ್ಳುತ್ತಾರೆ.

ಆದರೆ ಅಕ್ಕನವರ ವ್ಯಕ್ತಿತ್ವವನ್ನು ನಾನು ಪೂರ್ತಿಯಾಗಿ ಕಂಡದ್ದು ಅವರು ತಪ್ಪು ಮಾಡಿದ ದಿನ. ಅದನ್ನು ಬರೆಯಬೇಕೆಂದು ಅವರೇ ಹೇಳಿದ್ದಾರೆ; “ಬರೀ ಹೊಗಳಿದರೆ ಜನ ನಂಬಲ್ಲ ಕಣೋ” ಎಂಬುದು ಅವರ ವಾದ.

ಒಂದು ಕಾಲದಲ್ಲಿ ಮನೆಮಾತಾಗಿ, ಆಮೇಲೆ ವೇದಿಕೆ ಬಿಟ್ಟು ಎಲ್ಲಿಯೋ ಮರೆಯಾಗಿದ್ದ ಗಾಯಕಿಯೊಬ್ಬರಿದ್ದರು. ಸಣ್ಣ, ಚೂಪಾದ ದನಿಗಾಗಿ ಅವರನ್ನು ಎಲ್ಲರೂ ‘ಗುಬ್ಬಿ’ ಎನ್ನುತ್ತಿದ್ದರು. ಅಕ್ಕನವರಿಗೆ ಹಾಡಿನ ಹುಚ್ಚು ಹತ್ತಿಸಿದ್ದೇ ಆ ಕಂಠ. ಆ ದಿನಕ್ಕೆ ಸರಿಯಾಗಿ ಮೂರು ವರ್ಷಗಳ ಹಿಂದೆ ಗುಬ್ಬಿ ತೀರಿಕೊಂಡರೆಂದು ಒಂದು ಸಂಗೀತಕೋಶದಲ್ಲಿತ್ತು. ಒಂದು ಪತ್ರಿಕೆಯೂ ಹಾಗೇ ಬರೆದಿತ್ತು. ಎರಡು ಕಡೆ ಇದೆಯಲ್ಲ ಎಂದು ಅಕ್ಕ ನಂಬಿದರು. ಒಂದನ್ನು ನೋಡಿ ಇನ್ನೊಂದರಲ್ಲಿ ಬರೆದಿದ್ದರೆಂದು ಯಾರಿಗೆ ಗೊತ್ತು? ಆ ಬೆಳಿಗ್ಗೆ ಶ್ರದ್ಧಾಂಜಲಿ ಹೇಳಿದರು. ನಾನು ಗುಬ್ಬಿಯವರ ಹಾಡು ಹಾಕಿದೆ.

ಹಾಡಿನ ಪಲ್ಲವಿ ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು.

“ಯಾರಪ್ಪಾ ಅದು? ನಾನು ಗುಬ್ಬಿ.”

“ಯಾವ ಗುಬ್ಬಿ ಅಮ್ಮಾ?”

“ಈಗ ತಾನೇ ಸಾಯಿಸಿದ್ರಲ್ಲ, ಅದೇ ಗುಬ್ಬಿ.”

ನಾನು ಫೋನನ್ನು ಅಕ್ಕನವರ ಕೈಗಿತ್ತೆ. ಆ ದನಿಯನ್ನು ಗುರುತಿಸಲು ಅವರಿಗೆ ಎರಡು ಮಾತು ಸಾಕಾಯಿತು. “ಕ್ಷಮಿಸಿ ಅಮ್ಮಾ” ಎನ್ನಲು ಹೊರಟವರನ್ನು ಗುಬ್ಬಿಯವರು ಆ ಕಡೆಯಿಂದ ತಡೆದರು.

“ಅದೆಲ್ಲ ಆಮೇಲೆ. ಹಾರ್ಮೋನಿಯಂ ಅಜ್ಜಿ ಅಂತ ನಿಮಗೆ ಕಾರ್ಡ್ ಬರೀತಾಳಲ್ಲ, ಅವಳೇ ನಮ್ಮಕ್ಕ. ನನ್ನ ಜೊತೆ ನುಡಿಸ್ತಿದ್ದಳು. ನಾನು ಹಾಡೋದು ಬಿಟ್ಟೆ ಅಂತ ಮಾತು ಬಿಟ್ಟಳು. ಅವಳಿಗೆ ಹೃದಯದ ತೊಂದರೆ ಇದೆಯಂತೆ. ಇದನ್ನ ಕೇಳಿಸಿಕೊಂಡಿರ್ತಾಳೆ ಕಣಮ್ಮಾ. ನನ್ನ ಹತ್ತಿರ ಅವಳ ನಂಬರಿಲ್ಲ, ನನ್ನ ಮಂಡಿ ನಡೆಯೋಕೆ ಬಿಡಲ್ಲ. ಬೇಗ ಏನಾದರೂ ಮಾಡು.”

ಹಾರ್ಮೋನಿಯಂ ಅಜ್ಜಿ ನಮಗೆಲ್ಲ ಗೊತ್ತಿದ್ದ ಕೇಳುಗರು. ಯಾವ ಹಾಡಿಗೆ ಶ್ರುತಿ ಸರಿಯಿರಲಿಲ್ಲವೆಂದು ವಾರಕ್ಕೊಂದು ಕಾರ್ಡು ಬರೆದು ಕಾಲೆಳೆಯುತ್ತಿದ್ದವರು. ಅಕ್ಕನವರು ಅವನ್ನು ಬಾನುಲಿಯಲ್ಲೇ ಓದುತ್ತಿದ್ದರು.

ಅಷ್ಟರಲ್ಲಿ ನಿರ್ದೇಶಕರು ಓಡೋಡಿ ಬಂದರು. ಖಚಿತಪಡಿಸಿಕೊಳ್ಳದೆ ಯಾರ ದನಿಯನ್ನೂ ನೇರವಾಗಿ ಪ್ರಸಾರ ಮಾಡಬಾರದೆಂಬುದು ಕೇಂದ್ರದ ನಿಯಮ. “ಯಾರೋ ತಮಾಷೆ ಮಾಡ್ತಿರಬಹುದು. ನಾಳೆ ವಿಚಾರಿಸಿ ತಿದ್ದುಪಡಿ ಕೊಡೋಣ” ಎಂದರು.

“ನಾಳೆವರೆಗೆ ಆ ಅಜ್ಜಿ ತಂಗಿ ಇಲ್ಲ ಅಂತ ಕೂತಿರಬೇಕಾ ಸರ್? ನನ್ನ ಕೆಲಸ ಹೋದರೆ ಹೋಗಲಿ” ಎಂದ ಅಕ್ಕನವರು ನನ್ನ ಕಡೆ ತಿರುಗಿ ಕೈ ಎತ್ತಿದರು. ನಾನು ಹಾಡನ್ನು ತಗ್ಗಿಸಿ ಮೈಕು ತೆರೆದೆ. “ನಾನು ಈಗ ಹೇಳಿದ್ದು ಸುಳ್ಳು. ತಪ್ಪು ನನ್ನದು. ಗುಬ್ಬಿಯವರು ಬದುಕಿದ್ದಾರೆ, ಮಾತಾಡುತ್ತಾರೆ, ಕೇಳಿ” ಎಂದು ಫೋನನ್ನು ಮೈಕಿಗೆ ಹಿಡಿದರು. ನಾಡಿನ ಕಿವಿಗೆಲ್ಲ ಆ ಸಣ್ಣ ದನಿ ಬಿತ್ತು: “ಅಕ್ಕಾ, ನಾನು ಇದ್ದೀನಿ. ಅಳಬೇಡ. ಮಾತ್ರೆ ತಗೋ.”

ಆಮೇಲೆ ನೂರಾರು ಫೋನು ಬಂದವು, ಅಜ್ಜಿಯದೊಂದು ಬರಲಿಲ್ಲ. ಕಾರ್ಯಕ್ರಮ ಮುಗಿದೊಡನೆ ಹಳೆಯ ಕಾರ್ಡೊಂದರ ಮೇಲಿನ ವಿಳಾಸ ಹಿಡಿದು ಅಕ್ಕನವರು ಕೇಂದ್ರದ ವ್ಯಾನು ಹತ್ತಿದರು, ನಾನೂ ಹತ್ತಿದೆ. ಮನೆಗೆ ಬೀಗ. ಒಳಗೆ ನಮ್ಮದೇ ರೇಡಿಯೋ ಹಾಡುತ್ತಿತ್ತು. ಪಕ್ಕದ ಮನೆಯ ದರ್ಜಿ ಸೂಜಿ ಹಿಡಿದೇ ಹೊರಗೆ ಬಂದ. “ಬೆಳಿಗ್ಗೆ ಅಳ್ತಾ ಅಳ್ತಾ ಟ್ಯಾಕ್ಸಿ ಹತ್ತಿದ್ರು. ಎಲ್ಲಿಗೆ ಅಂತ ಕೇಳೋಷ್ಟರಲ್ಲಿ ಹೊರಟೇಬಿಟ್ರು.” ತಿದ್ದುಪಡಿ ಕೇಳುವ ಮೊದಲೇ ಅಜ್ಜಿ ಹೊರಟಿದ್ದರೆಂಬುದು ಸ್ಪಷ್ಟವಾಗಿತ್ತು. ಆಸ್ಪತ್ರೆಗಳಿಗೆ ಹೋಗೋಣವೆಂದೆ ನಾನು. “ಮೊದಲು ತಂಗಿ ಮನೆಗೆ” ಎಂದ ಅಕ್ಕನವರು, ಗುಬ್ಬಿಯವರು ಫೋನಿನಲ್ಲಿ ಕೊಟ್ಟಿದ್ದ ವಿಳಾಸ ತೆಗೆದರು. ದಾರಿಯುದ್ದಕ್ಕೂ ಅವರು ಸೀಟಿನ ಅಂಚನ್ನು ಹಿಡಿದ ಕೈ ಬಿಡಲಿಲ್ಲ.

ಗುಬ್ಬಿಯವರ ಮನೆ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿತ್ತು. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಜೋರು ದನಿ.

“ಮೂರು ವರ್ಷದಿಂದ ಸತ್ತಿದ್ದೀಯ, ನನಗೊಬ್ಬರೂ ಹೇಳಲಿಲ್ಲವಲ್ಲ ಅಂತ ಎದೆ ಒಡೆದುಹೋಯ್ತು ಕಣೇ!”

“ಸತ್ತಿದ್ದರೆ ತಾನೇ ಹೇಳೋದು?”

ಹಾರ್ಮೋನಿಯಂ ಅಜ್ಜಿ ತಂಗಿಯ ಕೈ ಹಿಡಿದುಕೊಂಡೇ ಜಗಳವಾಡುತ್ತಿದ್ದರು. ತಂಗಿ ಬಾಳಿದ ಮನೆಯ ಬಾಗಿಲನ್ನಾದರೂ ಒಮ್ಮೆ ಮುಟ್ಟಿ ಬರೋಣವೆಂದು ಬಂದಿದ್ದರಂತೆ. ಬಾಗಿಲು ತೆರೆದದ್ದು ತಂಗಿಯೇ. ನಮಗೆ ಹೋದ ಜೀವ ಬಂದಂತಾಯಿತು. ಅಕ್ಕನವರು ಹೊಸ್ತಿಲ ಬಳಿಯೇ ನೆಲಕ್ಕೆ ಕುಸಿದು, ಮಗುವಿನ ಹಾಗೆ ಅತ್ತರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. “ನೀವೇನಾ ನನ್ನ ತಂಗೀನ ಕೊಂದೋರು?”

“ಹೌದಮ್ಮಾ, ನಾನೇ.”

“ಏಳಿ ಮೇಲೆ. ನೀವು ಕೊಲ್ಲದೇ ಇದ್ದಿದ್ದರೆ ಈ ಜನ್ಮದಲ್ಲಿ ನಾನಿಲ್ಲಿಗೆ ಬರ್ತಿರಲಿಲ್ಲ. ಟೀ ಕುಡೀತೀರಾ?”

ಮೇಲಿನ ಕಚೇರಿಯವರು ವಿವರಣೆ ಕೇಳಿದರು. ಆ ಕೋಶವನ್ನು ಹುಡುಕಿಕೊಟ್ಟ ಗ್ರಂಥಪಾಲಕರ ಹೆಸರನ್ನಾಗಲೀ ಮೈಕು ತೆರೆದ ನನ್ನ ಹೆಸರನ್ನಾಗಲೀ ಎತ್ತದೆ, ತಪ್ಪನ್ನೆಲ್ಲ ಅಕ್ಕನವರು ತಮ್ಮೊಬ್ಬರ ಮೇಲೆ ಹಾಕಿಕೊಂಡರು. ವಾರವಿಡೀ ನಾವು ಉಸಿರು ಬಿಗಿಹಿಡಿದಿದ್ದೆವು. ಕೊನೆಗೆ ನಿರ್ದೇಶಕರೇ ಬಂದು, “ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಬೀಸೋ ದೊಣ್ಣೆ ತಪ್ಪಿತಲ್ಲಮ್ಮಾ” ಎಂದು ಅವರಿಗಿಂತ ಹೆಚ್ಚಾಗಿ ತಾವೇ ಹಗುರಾದರು. ಅಂದಿನಿಂದ ಯಾರ ಮರಣದ ದಿನವನ್ನು ಹೇಳುವುದಿದ್ದರೂ ಅಕ್ಕನವರು ಮೊದಲು ಅವರ ಮನೆಗೆ ಫೋನು ಮಾಡತೊಡಗಿದರು. ‘ಹೋಗಿಬಿಟ್ಟಿದ್ದಾರಾ’ ಎಂದು ಕೇಳುವುದು ಹೇಗೆ? “ನಾಳೆ ಅವರ ಹಾಡು ಹಾಕ್ತೀವಿ, ಮನೇಲಿ ಯಾರ್ಯಾರು ಕೇಳ್ತೀರಿ?” ಎನ್ನುತ್ತಿದ್ದರು. ಉತ್ತರದಲ್ಲೇ ಎಲ್ಲ ತಿಳಿಯುತ್ತಿತ್ತು. ಇನ್ನಿಬ್ಬರು ವೃದ್ಧ ಗಾಯಕರು ಹೀಗೆ ಶ್ರದ್ಧಾಂಜಲಿಯಿಂದ ಪಾರಾದರು.

ಮುಂದಿನ ವರ್ಷ ಅದೇ ತಾರೀಖಿನ ಕಾರ್ಯಕ್ರಮಕ್ಕಾಗಿ ಅಕ್ಕತಂಗಿಯರಿಬ್ಬರೂ ನಮ್ಮ ಸ್ಟುಡಿಯೋಗೆ ಬಂದು ಹಾಡು ಮುದ್ರಿಸಿಕೊಟ್ಟರು. ತಂಗಿಯ ದನಿ ಸ್ವಲ್ಪ ಒಡೆದಿತ್ತು, ಅಕ್ಕನ ಬೆರಳು ನಡುಗುತ್ತಿತ್ತು, ನಡುವೆ ಶ್ರುತಿಯ ಬಗ್ಗೆ ಒಂದು ಸಣ್ಣ ಜಗಳವೂ ಆಯಿತು. ಅದನ್ನು ಕತ್ತರಿಸಬೇಕೇ ಎಂದು ಕೇಳಿದೆ. “ಬೇಡ, ಅದೂ ಇರಲಿ” ಎಂದರು ತಾರೀಖಕ್ಕ.

ನಿವೃತ್ತಿಯ ನಂತರ ಏನು ಮಾಡುತ್ತೀರೆಂದು ಕೇಳಿದರೆ ಅವರ ಬಳಿ ಉತ್ತರ ಸಿದ್ಧವಿದೆ. ಗಾಯಕರ ಹಿಂದೆ ಕುಳಿತು ನುಡಿಸಿದ, ಯಾವ ಕೋಶದಲ್ಲೂ ಹೆಸರಿಲ್ಲದ ವಾದ್ಯಗಾರರ ಮನೆಗಳಿಗೆ ಹೋಗಿ ಅವರ ಮಾತನ್ನು ಅವರ ಬಾಯಲ್ಲೇ ಕೇಳಿ ಮುದ್ರಿಸಿಡಬೇಕೆಂಬುದು ಅವರ ಸಂಕಲ್ಪ. ರೆಕಾರ್ಡರ್ ಹೊರಲು ನನ್ನನ್ನು ಕರೆದಿದ್ದಾರೆ. ಮೊದಲ ಪ್ರಯಾಣ ಮುಂದಿನ ಸೋಮವಾರ. ಅವರ ಕಾಲಿಗೆ ಮೆಟ್ಟಿಲು ಹತ್ತುವ ಬಲವೂ ಕಿವಿಗೆ ಇಂಪು ಹುಡುಕುವ ಚುರುಕೂ ಬಹುಕಾಲ ಕೂಡಿರಲಿ. ಅವರು ತಟ್ಟಿದ ಬಾಗಿಲುಗಳೆಲ್ಲ ತೆರೆಯಲಿ, ತೆರೆದವರೆಲ್ಲ ಬದುಕಿರಲಿ.